ಮೂರು ಟೇಪು ಮತ್ತು ಒಂದು ಸಿಳ್ಳೆ

ಗುಂಡ್ಲುಪೇಟೆಯ ಆ ಮನೆಯಲ್ಲಿ ನಾನು ಕೈಚೀಲ ಕೆಳಗಿಡುವ ಮೊದಲೇ ಇಂಜಿನಿಯರರು ತೀರ್ಪು ಕೊಟ್ಟುಬಿಟ್ಟಿದ್ದರು.

"ನೀವು ಬಂದದ್ದು ದಂಡ ಕಣಮ್ಮ. ಮೂರರಲ್ಲಿ ಎರಡು ಕೆಟ್ಟೋಗವೆ. ನೆಟ್ಟಗಿರೋದು ಪರದೇಶದವರದ್ದು ಒಂದೇ. ಅದನ್ನೇ ಹಾಕಿ ಅಂತ ಬರ್ದು ಮುಂದಿನ ಬಸ್ಸಿಗೆ ಹೊರಡಿ."

ಯಾರೋ ಹೇಳಿದರೆಂದು ಬಸ್ಸು ಹತ್ತುವ ಜಾಯಮಾನ ನನ್ನದಲ್ಲ. "ಕೇಳಿ ಆಮೇಲೆ ಹೊರಡ್ತೀನಿ ಸಾರ್" ಎಂದು ಚಾಪೆಯ ಮೇಲೆ ಕೂತೆ. ಅವರು ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದರು. ಅರ್ಧ ಗಂಟೆ ಆಚೆ ಬರಲಿಲ್ಲ.

ಇದು ತೊಂಬತ್ತರ ದಶಕದ ಮಾತು. ಸಿ.ಡಿ. ಎನ್ನುವುದು ಮೈಸೂರಿಗೂ ಹೊಸದು. ನಾನು ಅಲ್ಲಿನ ಒಂದು ರೆಕಾರ್ಡಿಂಗ್ ಕೋಣೆಯಲ್ಲಿ ಕೆಲಸಕ್ಕಿದ್ದೆ. ಒಂದು ಸಂಗೀತ ಸಂಸ್ಥೆಯವರು ಈ ಇಂಜಿನಿಯರರು ರಚಿಸಿದ ಕೃತಿಯೊಂದನ್ನು ಸಿ.ಡಿ. ಮಾಡಬೇಕೆಂದು ಹೊರಟು, ಇರುವ ಮೂರು ಧ್ವನಿಮುದ್ರಣಗಳನ್ನು ಹೋಲಿಸಿ ಯಾವುದು ಯೋಗ್ಯವೆಂದು ಹೇಳಲು ನನ್ನನ್ನು ಕಳಿಸಿದ್ದರು. ಸಿ.ಡಿ.ಗೆ ಹೋಗುವುದು ಒಂದೇ, ಅದಕ್ಕೆ ಇಂಜಿನಿಯರರ ಒಪ್ಪಿಗೆಯೂ ಬೇಕು ಎಂದು ಮೊದಲೇ ಹೇಳಿದ್ದರು.

ಅವರು ರೇಡಿಯೊ ಇಂಜಿನಿಯರಾಗಿ ಪರದೇಶಕ್ಕೆ ಹೋಗಿ, ಅಲ್ಲಿನ ಸ್ಟುಡಿಯೊ ಒಂದರಲ್ಲಿ ಕರೆಂಟಿನಿಂದ ನಾದ ಹುಟ್ಟಿಸುವ ಹುಚ್ಚು ಹತ್ತಿಸಿಕೊಂಡು ಬಂದವರು. ಊರಿಗೆಲ್ಲ ಅವರು ಇಂಜಿನಿಯರರು. ಸಂಗೀತ ರಚಿಸುತ್ತಾರೆಂದು ಗೊತ್ತಿದ್ದವರು ಕಡಿಮೆ. ಗೊತ್ತಿದ್ದವರೂ ಅದನ್ನು ಸಂಗೀತ ಅನ್ನುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಊಟಿ ರಸ್ತೆಯಿಂದ ಒಳಗೆ, ಲಾರಿಗಳ ಸದ್ದು ಅಷ್ಟಾಗಿ ಬಾರದ ಬೀದಿಯಲ್ಲಿ ಬಾಡಿಗೆಗೆ ಇದ್ದರು.

ಕೃತಿ ಇಪ್ಪತ್ತು ನಿಮಿಷದ್ದು. ತಮಟೆ, ಜಾಗಟೆ, ಕಬ್ಬಿಣದ ತಗಡು, ಭೀಮನಬೀಡಿನ ಆಲೆಮನೆಯಿಂದ ಹೊತ್ತು ತಂದ ಬೆಲ್ಲದ ಕೊಪ್ಪರಿಗೆ, ಇಷ್ಟನ್ನೂ ಒಬ್ಬನೇ ಬಾರಿಸಬೇಕು. ಜೊತೆಗೆ ಆಸಿಲೇಟರ್ ಎಂಬ ಪೆಟ್ಟಿಗೆಯಿಂದ ಹೊರಟ ದನಿಗಳು, ಕೆಲವು ದುಂಬಿಯಂತೆ ಗುಂಯ್‌ಗುಟ್ಟುತ್ತವೆ, ಕೆಲವು ಬಾಗಿಲಿನ ಕೀಲಿನಂತೆ ಕಿರುಗುಟ್ಟುತ್ತವೆ. ಕೊನೆಯ ಮೂರು ನಿಮಿಷದಲ್ಲಿ ವಾದ್ಯಗಳೆಲ್ಲ ಒಂದೊಂದಾಗಿ ನಿಂತು, ತುಂಬ ಸಣ್ಣ, ತುಂಬ ಎತ್ತರದ ಒಂದು ಸಿಳ್ಳೆ ಮಾತ್ರ ಉಳಿಯುತ್ತದೆ. ಆ ಸಿಳ್ಳೆ ಉಬ್ಬಿದಾಗಲೆಲ್ಲ ತಮಟೆಗೆ ಒಂದೇ ಒಂದು ಪೆಟ್ಟು. ಇಡೀ ಕೃತಿ ಹೋಗಿ ಸೇರುವುದು ಅಲ್ಲಿಗೆ. ಸಿಳ್ಳೆ ಇಲ್ಲದೆ ಕೇಳಿದರೆ ಯಾರೋ ಖಾಲಿ ಮನೆಯಲ್ಲಿ ತಮಟೆ ಹಿಡಿದು, ಮರೆತು ಮರೆತು ಬಡಿಯುತ್ತಿದ್ದಾನೆ ಅನಿಸುತ್ತದೆ.

ಮೂರು ಮುದ್ರಣಗಳಲ್ಲಿ ಒಂದು ಇಂಜಿನಿಯರರ ಬಳಿ ಇದ್ದ, ದೊಡ್ಡ ಚಕ್ರಕ್ಕೆ ಸುತ್ತಿದ ಸ್ಪೂಲ್ ಟೇಪು. ಎರಡನೆಯದು ಚಾಮರಾಜನಗರದ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರ ಬಳಿ ಇದ್ದ ಇನ್ನೊಂದು ಸ್ಪೂಲು. ಎರಡರಲ್ಲೂ ಬಾರಿಸಿದವರು ಆ ಮೇಷ್ಟ್ರೇ. ಬೇಸಿಗೆ ರಜೆಯಲ್ಲಿ ಅವರ ಶಾಲೆಯ ಹಾಲಿನಲ್ಲೇ ಅದು ಮುದ್ರಣವಾಗಿತ್ತು. ಮೂರನೆಯದು ಪರದೇಶದ ಸ್ಟುಡಿಯೊದವರು ಆಮೇಲೆ ನುಡಿಸಿ ಇಂಜಿನಿಯರರಿಗೆ ಕಳಿಸಿದ್ದ ಕ್ಯಾಸೆಟ್ಟು. ಇಂಜಿನಿಯರರ ಮಾತಿನಂತೆ ಕ್ಯಾಸೆಟ್ಟೇ ಸಿ.ಡಿ. ಆದರೆ ಮೇಷ್ಟ್ರು ಬಾರಿಸಿದ್ದು ಹೊರಗೆಲ್ಲೂ ಬರುತ್ತಿರಲಿಲ್ಲ. ಅವರು ಬೇರೆಲ್ಲೂ ಯಾವತ್ತೂ ರೆಕಾರ್ಡ್ ಆಗಿರಲಿಲ್ಲ.

"ಎರಡು ಕೆಟ್ಟಿವೆ ಅಂದ್ರಲ್ಲ ಸಾರ್, ಏನಾಗಿದೆ?" ಎಂದು ಕೇಳಿದೆ.

"ಸಿಳ್ಳೆ ಇಲ್ಲ. ಆ ಮೇಷ್ಟ್ರು ಅಳಿಸ್ಬುಟ್ಟ" ಎಂದರು. "ನಕಲು ಮಾಡ್ಕೊತೀನಿ ಅಂತ ಟೇಪ್ ತಕ್ಕೊಂಡು ಓದ. ಇಸ್ಕೂಲಿನ ಸ್ಪೀಕರ್ ಪಕ್ಕದಲ್ಲಿ ಮಡಗವ್ನೆ, ಅಯಸ್ಕಾಂತ ಎಳ್ದದೆ. ಇಲ್ಲಾಂದ್ರೆ ಅಸಲು ಅವ್ನೇ ಇಟ್ಕೊಂಡು ಮಂಕು ನಕಲನ್ನ ನಂಗೆ ಕೊಟ್ಟವ್ನೆ. ಎರಡರಲ್ಲಿ ಒಂದು. ಕಳ್ಳ ಅಂತ ಅವ್ನ ಮುಖಕ್ಕೇ ಅಂದೆ. ತುಟಿ ಬಿಚ್ಚಲಿಲ್ಲ. ಆವತ್ತಿಂದ ಮಾತಿಲ್ಲ."

ಹತ್ತು ವರ್ಷವಾಗಿತ್ತು ಮಾತು ಬಿಟ್ಟು.

ಕೆಲಸಕ್ಕೆ ಇಳಿದ ಮೊದಲ ದಿನವೇ ವಿಘ್ನ. ಮೈಸೂರಿನಿಂದ ನಾನು ಮಡಿಲಲ್ಲಿಟ್ಟುಕೊಂಡು ತಂದಿದ್ದ ಟೇಪ್ ಮಷಿನ್ನು ಅಲ್ಲಿನ ವೋಲ್ಟೇಜಿಗೆ ತಿರುಗದೆ, ಬಿಸಿಯಾಗಿ, ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು. ಇನ್ನು ಇಂಜಿನಿಯರರ ಮಷಿನ್ನೇ ಗತಿ. ಅದನ್ನೋ ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ದೂರ ಕೂತು ಕೇಳಬೇಕು, ಅವರು ಹಾಕಬೇಕು. ಟೇಪು ಓಡುತ್ತಿರುವಾಗಲೇ ಒಂದು ಸಣ್ಣ ಸ್ಕ್ರೂಡ್ರೈವರಿನಿಂದ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಅತ್ತ ಇತ್ತ ತಿರುಗಿಸುತ್ತ ಹುಬ್ಬು ಗಂಟಿಕ್ಕುತ್ತಿದ್ದರು. ಟೇಪಿನ ಮೇಲಿನ ನಾದವನ್ನು ಎತ್ತಿಕೊಳ್ಳುವುದು ಈ ಹೆಡ್ಡು. ಅದು ಟೇಪಿಗೆ ನೆಟ್ಟಗೆ ನಿಂತಿರಬೇಕು. ಕೂದಲೆಳೆಯಷ್ಟು ವಾಲಿದರೂ ಎತ್ತರದ ದನಿಗಳೆಲ್ಲ ಮಂಕಾಗುತ್ತವೆ. ಹಳೆಯ ಕೈಗಳು ಅದನ್ನು ಕಿವಿಯಿಂದಲೇ ಸರಿಮಾಡುತ್ತಿದ್ದವು. ಅವರೂ ಅದನ್ನೇ ಮಾಡುತ್ತಿದ್ದಾರೆ ಅಂದುಕೊಂಡೆ.

ಅವರ ಸ್ಪೂಲಿನಲ್ಲಿ ಕೃತಿಯ ಕೊನೆ ಬಂತು. ಜಾಗಟೆ ನಿಂತಿತು, ಕೊಪ್ಪರಿಗೆ ನಿಂತಿತು. ಆಮೇಲೆ ಟೇಪಿನ ಸುಯ್ ಎಂಬ ಸದ್ದು, ಅದರೊಳಗೆ ಆಗೊಮ್ಮೆ ಈಗೊಮ್ಮೆ ತಮಟೆಯ ಒಂದು ಪೆಟ್ಟು. ಸಿಳ್ಳೆ ನನಗೂ ಕೇಳಲಿಲ್ಲ. ಕಿವಿಗೊಟ್ಟರೆ ಎಲ್ಲೋ ಇದ್ದಂತೆ, ಇಲ್ಲದಂತೆ.

"ನೋಡಿದ್ರಾ?" ಎಂದರು.

ಪಕ್ಕದ ಪ್ಲೇಯರಿಗೆ ಕ್ಯಾಸೆಟ್ಟು ಹಾಕಿದರು. ಅದರಲ್ಲಿ ಸಿಳ್ಳೆ ಸ್ಪಷ್ಟವಾಗಿ ಕೇಳಿತು. ಅವರ ಮುಖ ಅರಳಿತು, ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಆ ಮನೆಗೆ ಬಂದಮೇಲೆ ಅವರು ಖುಷಿಯಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೂ ನುಡಿಸಾಣಿಕೆಯ ಮಾತು ಬೇರೆ. ಹೋಲಿಸುವಾಗ ಮೊದಲು ಎರಡರ ಸದ್ದಿನ ಮಟ್ಟವನ್ನೂ ಸಮ ಮಾಡಬೇಕು, ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಸಮ ಮಾಡಿಸಿ, ಒಂದೇ ಭಾಗವನ್ನು ಅದರಲ್ಲೊಮ್ಮೆ ಇದರಲ್ಲೊಮ್ಮೆ ಹಾಕಿಸಿ ಕೇಳಿದೆ. ಪರದೇಶದವರದ್ದು ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗಿತ್ತು, ಒಂದು ತಪ್ಪಿಲ್ಲ. ಮೇಷ್ಟ್ರದ್ದು ಹಾಗಲ್ಲ. ಜಾಗಟೆಗೆ ಮುನ್ನ ತಮಟೆಯ ಪೆಟ್ಟನ್ನು ತಡೆಹಿಡಿದು, ಇನ್ನು ಬರುವುದಿಲ್ಲವೇನೋ ಅನ್ನುವಾಗ ಕೊಡುತ್ತಿದ್ದರು. ಕೊಪ್ಪರಿಗೆಯ ಅಂಚಿಗೆ ಹೊಡೆದು, ಆ ಗುಂಗು ಅಡಗುವ ಮುನ್ನ ಅಂಗೈಯಲ್ಲಿ ಒತ್ತಿ ಅದನ್ನು ಬಾಗಿಸುತ್ತಿದ್ದರು. ಸಾಲದೆಂದು ಮೂರನೇ ಸಲವೂ ಹಾಕಿಸಿ ಕೇಳಿದೆ. ಇದನ್ನು ಬಿಟ್ಟು ಅದನ್ನು ಹಾಕಿ ಎಂದು ಬರೆಯಲು ನನ್ನ ಕೈ ಬರುವಂತಿರಲಿಲ್ಲ. ಬರೆಯದೆ ಇರಲು ಕಾರಣವೂ ಇರಲಿಲ್ಲ, ಸಿಳ್ಳೆಯೇ ಇಲ್ಲವಲ್ಲ.

ಸಂಸ್ಥೆಯವರು ನನಗೆ ಮೆಡಿಕಲ್ ಸ್ಟೋರಿನ ಮೇಲೊಂದು ರೂಮು ಹಿಡಿದಿದ್ದರು. ಎದುರಿಗೆ ಮಲಯಾಳಿಯೊಬ್ಬನ ಚಾ ಅಂಗಡಿ. ಬೆಳಿಗ್ಗೆ ಕೇಳುವ ಕೆಲಸ, ಮಧ್ಯಾಹ್ನ ಕೇಳುವ ಕೆಲಸ, ಸಂಜೆ ಚಾ. ಯಾರೊಂದಿಗೂ ಮಾತಿಲ್ಲ. ಕಿವಿಗೆ ಹೆಡ್‌ಫೋನ್ ಹಾಕುವ ಕೆಲಸದವರಿಗೆ ಇದು ಹೊಸದೇನಲ್ಲ, ಆದರೆ ಆ ಊರಿನಲ್ಲಿ ನನಗೆ ಯಾಕೋ ಬಹಳ ಬೇಜಾರಾಗುತ್ತಿತ್ತು. ಒಂದು ಸಂಜೆ ಎಸ್‌ಟಿಡಿ ಬೂತಿನ ಮುಂದೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಯಾರಿಗೆ ಮಾಡಬೇಕೆಂದು ಹೊಳೆಯದೆ ಹಿಂದಿನವರಿಗೆ ಜಾಗ ಬಿಟ್ಟು ಬಂದೆ. ಅಮ್ಮ ತೀರಿಕೊಂಡ ಮೇಲೆ ನಾನು ಫೋನು ಮಾಡುತ್ತಿದ್ದದ್ದು ಕೆಲಸದ ಜಾಗಕ್ಕೆ ಮಾತ್ರ.

ಚಾಮರಾಜನಗರಕ್ಕೆ ಹೋದೆ. ತೆರಕಣಾಂಬಿ ಮೇಲಿನ ಬಸ್ಸು, ಎರಡೂ ಕಡೆ ಅರಿಸಿನದ ಹೊಲ. ಮೇಷ್ಟ್ರ ಮನೆ ಇಂಜಿನಿಯರರ ಮನೆಗೆ ತದ್ವಿರುದ್ಧ. ಮಿಕ್ಸಿ ತಿರುಗುತ್ತಿದೆ, ಟಿ.ವಿ. ಕೂಗುತ್ತಿದೆ, ಮೊಮ್ಮಕ್ಕಳು ಜಗಳ ಆಡುತ್ತಿದ್ದಾರೆ. ಮೇಷ್ಟ್ರು ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತಿದ್ದರು. ಅಗಲ ಎದೆ, ಬೆಳ್ಳಗಿನ ಮೀಸೆ.

"ಯಾರವ್ವ ನೀನು? ಇಂಜಿನಿಯರ್ ಕಳ್ಸವ್ನಾ? ಕಳ್ಳನ ಮನೆಗೆ ಒಬ್ಬಳೇ ಬಂದ್ಬುಟ್ಟಿದ್ದೀಯಲ್ಲ, ಧೈರ್ಯ ಕಣವ್ವ ನಿಂಗೆ."

"ಅವರು ಕಳಿಸಿಲ್ಲ ಮೇಷ್ಟ್ರೆ, ನಾನೇ ಬಂದೆ. ನಿಮ್ಮ ಟೇಪ್ ಕೇಳಬೇಕು."

"ಊಟ ಮಾಡು ಮೊದ್ಲು. ಮುಖ ನೋಡಿದ್ರೆ ವಾರದಿಂದ ಅನ್ನ ಕಂಡಂಗಿಲ್ಲ."

ಬೇಡವೆಂದರೂ ಬಿಡಲಿಲ್ಲ. ಮುದ್ದೆ, ಉಪ್ಸಾರು. ಸೊಸೆ ಎರಡನೇ ಸಲ ಬಡಿಸುತ್ತ "ನಿಮ್ಗೆ ಮದ್ವೆ ಆಗದಾ ಅಕ್ಕ?" ಎಂದಳು. ಇಲ್ಲವೆಂದೆ. ಅವಳು ಪಾಪ ಅನ್ನುವಂತೆ ನೋಡಿ ಇನ್ನೊಂದು ಸೌಟು ಸಾರು ಹಾಕಿದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟೋ ದಿನದ ಮೇಲೆ ಯಾರೋ ನನ್ನ ತಟ್ಟೆ ನೋಡಿ ಬಡಿಸಿದ್ದರು.

ಒಳಕೋಣೆಯಲ್ಲಿ ಮೇಷ್ಟ್ರ ಹಳೆಯ ಮಷಿನ್ನಿತ್ತು. ಬಾಗಿಲು ಹಾಕಿ ಟೇಪು ಹಾಕಿದರು. ಅದೇ ಬಾರಿಸಾಣಿಕೆ, ಅದೇ ತಡೆಹಿಡಿದ ಪೆಟ್ಟು. ಕೊನೆಯ ಮೂರು ನಿಮಿಷ ಬಂತು. ಸಿಳ್ಳೆ ಬಂತು. ಸೂಜಿಯ ಹಾಗೆ ಸಣ್ಣಗೆ, ಎಲ್ಲಿಯೂ ಅಲುಗದೆ. ಅದು ಉಬ್ಬಿದಲ್ಲೆಲ್ಲ ತಮಟೆ ಸರಿಯಾಗಿ ಬಂದು ಕೂರುತ್ತಿತ್ತು.

ಮೇಷ್ಟ್ರು ಟೇಪನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. "ಏನಾರ ಕೇಳ್ತಾ?" ಎಂದರು.

ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಹಾಗಾದರೆ ಇಂಜಿನಿಯರರು ಹೇಳಿದ್ದು ನಿಜ, ಅಸಲು ಇಲ್ಲಿದೆ, ಮಂಕಾದ ನಕಲು ಅಲ್ಲಿದೆ. ಇಷ್ಟು ಅಕ್ಕರೆಯಿಂದ ಊಟ ಹಾಕಿಸಿದವರು ಹೀಗೆ ಮಾಡಿದ್ದಾರಲ್ಲ ಎಂದು ಮನಸ್ಸು ಕಹಿಯಾಯಿತು. "ಎರಡನ್ನೂ ಪಕ್ಕದಲ್ಲಿಟ್ಟು ನೋಡೋ ತನಕ ನಾನು ಏನೂ ಹೇಳೋದಿಲ್ಲ. ಟೇಪ್ ಕೊಡಿ, ಎರಡು ದಿನ" ಎಂದೆ ಒರಟಾಗಿ.

ಅವರು ಟೇಪನ್ನು ಡಬ್ಬಿಗೆ ಹಾಕಿ ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು. "ಬಿಸ್ಲಿಗೆ ಮಡಗ್ಬೇಡ" ಎಂದರು, ಅಷ್ಟೇ.

ಗುಂಡ್ಲುಪೇಟೆಯಲ್ಲಿ ಮೇಷ್ಟ್ರ ಟೇಪನ್ನು ಇಂಜಿನಿಯರರ ಮಷಿನ್ನಿನಲ್ಲಿ ಹಾಕಿಸಿದೆ. ಸಿಳ್ಳೆ ಇಲ್ಲ. ಬಸ್ಸಿನಲ್ಲಿ ಹಾಳಾಯಿತೇ ಎಂದು ಮತ್ತೊಮ್ಮೆ ಹಾಕಿಸಿದೆ, ಇಲ್ಲ. ಇಂಜಿನಿಯರರು "ನಾನೇಳಿಲ್ವಾ" ಎಂದು ಎದ್ದುಹೋದರು. ನಾನು ಕೂತೇ ಇದ್ದೆ. ನಿನ್ನೆ ಮಧ್ಯಾಹ್ನ ನನ್ನ ಕಿವಿಯಾರೆ ಕೇಳಿದ್ದು ಇವತ್ತು ಇಲ್ಲವೆಂದರೆ ಕೆಟ್ಟಿರುವುದು ಟೇಪಲ್ಲ, ಮಷಿನ್ನು.

"ಸಾರ್, ಹೆಡ್ ಮುಟ್ಟೋಕೆ ಬಿಡಿ" ಎಂದೆ.

"ಆಗಲ್ಲ."

"ಬಿಡದೆ ಇದ್ರೆ ಮೂರನ್ನೂ ಹೋಲಿಸೋಕೆ ಆಗಲಿಲ್ಲ ಅಂತ ಬರೀತೀನಿ. ಸಿ.ಡಿ.ಯೇ ಆಗೋದಿಲ್ಲ."

ಬಿಟ್ಟರು, ಆದರೆ ಮುಖ ಗಂಟು ಹಾಕಿಕೊಂಡು ಹಿತ್ತಿಲಿಗೆ ಹೋದರು. ನಾನು ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ಡು ಒರೆಸಿದೆ. ಕಂದು ಬಣ್ಣದ ಕಿಲುಬು ಬಂತು. ಹೆಡ್ಡು ನೆಟ್ಟಗಿದೆಯೇ ಎಂದು ನೋಡಲೆಂದೇ ಮಾಡಿದ ಪರೀಕ್ಷೆಯ ಟೇಪೊಂದು ನನ್ನ ಚೀಲದಲ್ಲಿ ಸದಾ ಇರುತ್ತದೆ. ಅದನ್ನು ಹಾಕಿ, ಮಷಿನ್ನಿನ ಮೀಟರಿನ ಮುಳ್ಳು ಏಳುವ ತನಕ ಸ್ಕ್ರೂ ತಿರುಗಿಸಿದೆ. ಅದು ಕೂದಲೆಳೆಯಲ್ಲ, ಸುಮಾರಾಗಿಯೇ ವಾಲಿತ್ತು. ಕಾಣದ ಸಿಳ್ಳೆಯನ್ನು ಹುಡುಕುತ್ತ ಹುಡುಕುತ್ತ ಅವರೇ ಅದನ್ನು ವಾಲಿಸಿಬಿಟ್ಟಿದ್ದರು.

ಮತ್ತೆ ಅವರ ಟೇಪು ಹಾಕಿದೆ. ಸಿಳ್ಳೆ ಬಂತು. ಮೇಷ್ಟ್ರದ್ದನ್ನು ಹಾಕಿದೆ, ಅದರಲ್ಲೂ ಬಂತು. ಟೇಪನ್ನೇ ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದೆ. ಇಂಜಿನಿಯರರದ್ದರಲ್ಲಿ ಕತ್ತರಿಸಿ ಅಂಟಿಸಿದ ಜೋಡಣೆಗಳು ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಮೇಷ್ಟ್ರದ್ದು ಒಂದೂ ಜೋಡಣೆಯಿಲ್ಲದ ಅಖಂಡ ಟೇಪು. ತುಂಡುಗಳನ್ನು ಜೋಡಿಸಿ ಕೃತಿ ಕಟ್ಟುವುದು ಅಸಲು ಟೇಪಿನಲ್ಲಿ, ಅದರ ನಕಲಿನಲ್ಲಿ ಜೋಡಣೆ ಇರುವುದಿಲ್ಲ. ಅಂದರೆ ಇಂಜಿನಿಯರರ ಬಳಿ ಇರುವುದೇ ಅಸಲು. ಮೇಷ್ಟ್ರು ನಕಲು ಮಾಡಿಕೊಂಡು ಅಸಲನ್ನು ಪ್ರಾಮಾಣಿಕವಾಗಿ ಹಿಂದಿರುಗಿಸಿದ್ದರು. ಯಾರೂ ಏನನ್ನೂ ಅಳಿಸಿರಲಿಲ್ಲ. ನನಗೆ ಎದ್ದು ಕುಣಿಯಬೇಕು ಅನಿಸಿತು. ಹಿತ್ತಿಲಿಗೆ ಓಡಿಹೋಗಿ ಕರೆದುಕೊಂಡು ಬಂದೆ.

ಅವರು ಕೂತರು. ಜಾಗಟೆ ನಿಂತಿತು, ಕೊಪ್ಪರಿಗೆ ನಿಂತಿತು. ಸಿಳ್ಳೆ ಶುರುವಾಯಿತು. ನಾನು ಅವರ ಮುಖ ನೋಡಿದೆ.

"ಎಲ್ಲಿ?" ಎಂದರು.

ಗಟ್ಟಿ ಮಾಡಿದೆ. ನನ್ನ ಹಲ್ಲಿಗೆ ನಾಟುವಷ್ಟು.

"ಎಲ್ಲಮ್ಮ? ಅದೇ ಸುಯ್ ಅನ್ನೋದು, ಅವ್ನ ತಮಟೆ. ಇಷ್ಟಕ್ಕೆ ನನ್ನ ಮಷಿನ್ ಬಿಚ್ಚಿ ಹಾಕಿದ್ರಾ?"

"ಇನ್ನೂ ಸ್ವಲ್ಪ ಕೆಲಸ ಇದೆ ಸಾರ್" ಎಂದು ಟೇಪು ನಿಲ್ಲಿಸಿದೆ.

ಅಸಲಿನ ಸಿಳ್ಳೆಯನ್ನು ಕಿವಿಯಲ್ಲಿಟ್ಟುಕೊಂಡು, ಕ್ಯಾಸೆಟ್ಟನ್ನೂ ಅದರ ಪ್ಲೇಯರನ್ನೂ ಆಸಿಲೇಟರ್ ಪೆಟ್ಟಿಗೆಯನ್ನೂ ಕೇಳಿ ತೆಗೆದುಕೊಂಡು ರೂಮಿಗೆ ಬಂದೆ. ಕ್ಯಾಸೆಟ್ಟಿನ ಸಿಳ್ಳೆಗೆ ಆಸಿಲೇಟರಿನ ದನಿಯನ್ನು ಹೊಂದಿಸುತ್ತ ಗುಂಡಿ ತಿರುಗಿಸಿ ನೋಡಿದೆ. ಅಸಲಿನ ಸಿಳ್ಳೆ ಎಷ್ಟು ಎತ್ತರದಲ್ಲಿತ್ತೋ ಅದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿತ್ತು ಇದು. ಪರದೇಶದವರು ತಪ್ಪಿದ್ದರು. ಅವರು ತಪ್ಪಿದ್ದರಿಂದಲೇ ಇಂಜಿನಿಯರರಿಗೆ ಅದು ಕೇಳುತ್ತಿತ್ತು.

ವಯಸ್ಸಾದಂತೆ ಕಿವಿ ಮೇಲಿನಿಂದ ಹೋಗುತ್ತ ಬರುತ್ತದೆ. ಮಾತು ಕೇಳುತ್ತದೆ, ಲಾರಿ ಕೇಳುತ್ತದೆ, ತಮಟೆ ಕೇಳುತ್ತದೆ. ಎತ್ತರದ ದನಿಗಳು ಮಾತ್ರ ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗುತ್ತವೆ. ಹೋದದ್ದು ಕಳೆದುಕೊಂಡವರಿಗೇ ತಿಳಿಯುವುದಿಲ್ಲ. ಇದನ್ನು ಬಲ್ಲವರಲ್ಲಿ ಇಂಜಿನಿಯರರೂ ಒಬ್ಬರು, ಆದರೆ ಅದು ತಮಗೂ ಆಗಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ.

ಈಗ ಯಾರನ್ನು ಕೇಳಲಿ? ಹೇಳಿದರೆ ಅವರಿಗೆ ಉಳಿದಿದ್ದ ಒಂದೇ ಒಂದನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ತಪ್ಪು ಸಿಳ್ಳೆ ಸಿ.ಡಿ. ಆಗುತ್ತದೆ, ಮೇಷ್ಟ್ರು ಸಾಯುವ ತನಕ ಕಳ್ಳರಾಗಿರುತ್ತಾರೆ. ಸಂಸ್ಥೆಯವರು ಕೆಳಗಿನ ಮೆಡಿಕಲ್ ಸ್ಟೋರಿಗೆ ಫೋನು ಮಾಡಿ "ಯಾವುದು ಅಂತ ಬೇಗ ಹೇಳಿ" ಎಂದರು. ನಾಳೆ ಹೇಳುತ್ತೇನೆ ಎಂದೆ. ಆ ಸಂಜೆ ನನಗೆ ಅಳು ಬಂತು. ಅವರಿಗಾಗಿಯೋ, ಮಾತಾಡಲು ಒಂದು ನರಪಿಳ್ಳೆ ಇಲ್ಲದ ನನಗಾಗಿಯೋ, ಎರಡಕ್ಕೂ ಇರಬೇಕು.

ಮಾರನೆಯ ದಿನ ಮೇಷ್ಟ್ರ ಟೇಪನ್ನು ಹಿಂದಿರುಗಿಸಲು ಹೋದೆ. ಅವರಿಗೆ ಒಳ್ಳೆಯ ಸುದ್ದಿ ಹೇಳಿ ಮನಸ್ಸು ಹಗುರ ಮಾಡಿಕೊಳ್ಳೋಣ ಎಂಬ ಆಸೆ. "ಮೇಷ್ಟ್ರೆ, ಅವರ ಟೇಪೇ ಅಸಲು. ಸಿಳ್ಳೆ ಅದರಲ್ಲೂ ಇದೆ, ನಿಮ್ಮದರಲ್ಲೂ ಇದೆ. ನೀವು ಏನೂ ಮಾಡಿಲ್ಲ" ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. "ನಿಜ ಏಳವ್ವ."

"ನಿಜ ಅಂದ್ರೆ? ಮೊನ್ನೆ ಇಲ್ಲೇ ಕೇಳಿದೆವಲ್ಲ."

"ನೀನು ಕೇಳ್ದೆ" ಎಂದರು. "ನಂಗೆ ಕೇಳ್ಸಕ್ಕಿಲ್ಲ ಕಣವ್ವ. ಅವ್ನು ಕಳ್ಳ ಅಂತ ಅಂದ್ನಲ್ಲ, ಆವತ್ತು ಮನೆಗ್ ಬಂದು ಹಾಕಿ ನೋಡ್ದೆ. ಇರ್ನಿಲ್ಲ. ಟೇಪ ಇಸ್ಕೂಲಲ್ಲೇ ಮಡಗಿದ್ದೆ, ಸ್ಪೀಕರ್ ಇತ್ತು ನಿಜ. ನಾನೇ ಅಳಿಸ್ಬುಟ್ನಲ್ಲ ಅಂತ ಅಂದ್ಕೊಂಡೆ. ಯಾವ ಮುಖ ಇಟ್ಕೊಂಡು ಅವ್ನಿಗೆ ತಿರುಗ್ಸಿ ಮಾತಾಡ್ಲಿ? ಹತ್ತೊರ್ಸ ಅದೇ ನುಂಗ್ಕೊಂಡಿವ್ನಿ."

ಇಬ್ಬರೂ ಒಂದೇ ಓರಗೆಯವರು, ಒಂದೇ ಎತ್ತರದಲ್ಲಿ ಕಿವಿ ಹೋಗಿದೆ. ಒಬ್ಬರು ಅಲ್ಲಿ ಕೂತು ಸ್ಕ್ರೂ ತಿರುಗಿಸಿದ್ದಾರೆ, ಇನ್ನೊಬ್ಬರು ಇಲ್ಲಿ ಕೂತು ತಾನೇ ಪಾಪಿ ಅಂದುಕೊಂಡಿದ್ದಾರೆ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಒಂದು ಮಗುವನ್ನು ಕರೆದು ಕೇಳಿಸಿದ್ದರೆ ಸಾಕಿತ್ತಲ್ಲ ಮಾರಾಯರೆ ಎಂದು ಕೂಗಬೇಕು ಅನಿಸಿತು. ಕೂಗಲಿಲ್ಲ. ಇಂಜಿನಿಯರರಿಗೂ ಕೇಳಿಸುವುದಿಲ್ಲ ಎಂದು ಮೆಲ್ಲಗೆ ಹೇಳಿದೆ.

ಮೇಷ್ಟ್ರು ಮೀಸೆ ನೀವಿಕೊಂಡರು. ಆಮೇಲೆ, "ಅವ್ನಿಗೆ ಏಳ್ಬೇಡ" ಎಂದರು. "ನಂಗೆ ಕಿವಿ ಓದ್ರೆ ಏನೋದದು? ಮಕ್ಕಳವ್ರೆ, ಮನೆ ಅದೆ. ಅವ್ನಿಗೆ ಇರೋದೇ ಕಿವಿ. ಪರದೇಶದವ್ರದ್ದೇ ಹಾಕ್ಸು. ನಾನು ಕಳ್ಳನಾಗೇ ಇರ್ತೀನಿ ಬುಡು, ರೂಢಿ ಆಗೋಗದೆ."

"ಅದರಲ್ಲಿ ಸಿಳ್ಳೆ ತಪ್ಪಾಗಿದೆ ಮೇಷ್ಟ್ರೆ."

"ಅವ್ನಿಗೆ ಗೊತ್ತಾಗಲ್ವಲ್ಲ."

"ನನಗೆ ಗೊತ್ತಲ್ಲ" ಎಂದೆ.

ಅಲ್ಲೇ ನಾನು ನಿರ್ಧಾರ ಮಾಡಿದ್ದು. ಟೇಪಿನಲ್ಲಿ ಇರುವುದನ್ನು ಇದೆ ಎನ್ನುವುದು, ಇಲ್ಲದ್ದನ್ನು ಇಲ್ಲ ಎನ್ನುವುದು, ನಾನು ಮಾಡುವ ಕೆಲಸ ಇಷ್ಟೇ. ಅದನ್ನೂ ಬಿಟ್ಟರೆ ನನ್ನ ಬಳಿ ಇನ್ನೇನೂ ಇರಲಿಲ್ಲ.

ಇಂಜಿನಿಯರರ ಮನೆಗೆ ಹೋದಾಗ ಅವರು ಚಾ ಕುಡಿಯುತ್ತಿದ್ದರು. ಉಪಾಯ ಮಾಡಬಾರದು, ನೇರ ಹೇಳಿಬಿಡಬೇಕು ಎಂದುಕೊಂಡು ಬಂದಿದ್ದೆ. "ಸಾರ್, ಸಿಳ್ಳೆ ಎರಡು ಟೇಪಿನಲ್ಲೂ ಇದೆ. ನಿಮಗೆ ಕೇಳಿಸ್ತಾ ಇಲ್ಲ" ಎಂದೆ.

ಲೋಟ ಕೆಳಗಿಟ್ಟರು. "ಎದ್ದೋಗಮ್ಮ ಆಚೆ" ಎಂದರು, ಬಹುವಚನ ಬಿಟ್ಟು. "ಅವ್ನು ಕಲ್ಸಿ ಕಳ್ಸವ್ನಾ?"

ನಾನು ಎದ್ದುಹೋಗಲಿಲ್ಲ. ಅವರದೇ ಆಸಿಲೇಟರನ್ನು ಮೇಜಿನ ಮೇಲಿಟ್ಟು, ಸ್ಪೀಕರಿಗೂ ಮೀಟರಿ‌ಗೂ ತಂತಿ ಜೋಡಿಸಿ, "ನೀವೇ ತಿರುಗಿಸಿ" ಎಂದು ಗುಂಡಿಯನ್ನು ಅವರ ಕಡೆ ಮಾಡಿದೆ. ಸಿಟ್ಟಿನಲ್ಲೇ ತಿರುಗಿಸಿದರು. ದನಿ ಕೆಳಗಿನಿಂದ ಮೇಲೇರುತ್ತ ಹೋಯಿತು. ಒಂದು ಕಡೆ ಅವರ ಕೈ ನಿಂತಿತು. "ಕಟ್ ಆಯ್ತು" ಎಂದರು. ನನ್ನ ಕಿವಿಯಲ್ಲಿ ಅದು ಚುಚ್ಚುತ್ತಲೇ ಇತ್ತು. ಮೀಟರಿನ ಮುಳ್ಳು ಎದ್ದು ನಿಂತಲ್ಲೇ ನಿಂತಿತ್ತು. ಅವರು ಮುಳ್ಳು ನೋಡಿದರು. ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು, ಮುಂದಕ್ಕೆ ತಿರುಗಿಸಿದರು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಒಳಗೆ ನೋಡಿದರು, ತಂತಿ ಎಳೆದು ನೋಡಿದರು, ಸ್ಪೀಕರಿಗೆ ಕಿವಿ ಇಟ್ಟು ನೋಡಿದರು. ಮುಳ್ಳು ಕದಲಲಿಲ್ಲ. ಜೀವನವಿಡೀ ಮೀಟರನ್ನು ನಂಬಿ ಬದುಕಿದ ಮನುಷ್ಯ, ಅದರ ಜೊತೆ ಎಷ್ಟು ಹೊತ್ತು ವಾದ ಮಾಡಿಯಾರು?

ಕೊನೆಗೆ ಸ್ವಿಚ್ಚು ಆರಿಸಿ ಕೂತರು. "ಯಾವಾಗಿಂದ ಹಿಂಗೆ?" ಎಂದರು.

"ಗೊತ್ತಿಲ್ಲ ಸಾರ್. ಎಲ್ಲರಿಗೂ ಆಗೋದೇ. ಮಾತು ಚೆನ್ನಾಗಿ ಕೇಳಿಸುತ್ತಲ್ಲ."

"ಮಾತು ಕೇಳುಸ್ತದೆ. ಮಾತಾಡೋರ್ಯಾರು ಈ ಮನೇಲಿ?"

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ತಣ್ಣಗಾದ ಚಾವನ್ನು ಪೂರ್ತಿ ಕುಡಿದು, ಲೋಟವನ್ನು ತೊಳೆದು, ಮಗುಚಿಟ್ಟು ಬಂದರು.

"ಅವ್ನಿಗೆ ಕೇಳುಸ್ತದಾ?" ಎಂದು ಕೇಳಿದರು.

"ಅವರನ್ನೇ ಕೇಳಿ" ಎಂದೆ.

ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅವರೇ ನನಗಿಂತ ಮುಂಚೆ ಬಂದು ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಟೇಪಿನ ಡಬ್ಬಿ. ತೆರಕಣಾಂಬಿ ದಾಟುವ ತನಕ ಡಬ್ಬಿಯನ್ನು ತೊಡೆಯ ಮೇಲಿಟ್ಟು ಹಿಡಿದುಕೊಂಡಿದ್ದರು. ಆಮೇಲೆ ಕಿಟಕಿಯ ಆಚೆ ನೋಡುತ್ತ, "ಕಳ್ಳ ಅಂದ್ಬುಟ್ನಲ್ಲ" ಎಂದರು. ನನಗೆ ಹೇಳಿದ್ದಲ್ಲ ಅದು.

ಮೇಷ್ಟ್ರು ಜಗಲಿಯಲ್ಲೇ ಇದ್ದರು. ನೋಡಿ ಎದ್ದು ನಿಂತರು.

"ಸಿಳ್ಳೆ ಅದಂತೆ ಕಣ್ಲಾ" ಎಂದರು ಇಂಜಿನಿಯರರು. "ನಂಗೇ ಕೇಳ್ಸಕ್ಕಿಲ್ಲ."

"ನಂಗೂ ಕೇಳ್ಸಕ್ಕಿಲ್ಲ."

"ಮತ್ತೆ ಕಳ್ಳ ಅಂದಾಗ ಸುಮ್ಕೆ ಯಾಕಿದ್ದೆ? ಕಪಾಳಕ್ಕೆ ಒಂದು ಬಾರ್ಸ್‌ಬಾರ್ದಾಗಿತ್ತಾ?"

"ಅಳ್ಸಿದ್ರೂ ಅಳ್ಸಿರ್ಬೋದು ಅಂತ ಅಂದ್ಕೊಂಡೆ ಬುಡು. ಬಾ ಒಳೀಕೆ. ಚಪ್ಲಿ ಒಳಗಡೆ ಬುಡು, ಆಚೆ ಬುಟ್ರೆ ಮೊಮ್ಮಗ ಎತ್ಕೊಂಡೋಯ್ತನೆ."

ಇಂಜಿನಿಯರರು ಚಪ್ಪಲಿ ಬಿಡಲು ಬಗ್ಗಿದವರು ಮೇಲೇಳಲು ಬಹಳ ಹೊತ್ತು ತೆಗೆದುಕೊಂಡರು. ಮೇಷ್ಟ್ರು ರಟ್ಟೆ ಹಿಡಿದು ಎಬ್ಬಿಸಿದರು. ಎದ್ದಮೇಲೂ ಬಿಡಲಿಲ್ಲ.

ಸೊಸೆ ಮಿಕ್ಸಿ ನಿಲ್ಲಿಸಿದಳು, ಟಿ.ವಿ. ಆರಿಸಿ ಮಕ್ಕಳನ್ನು ಹೊರಗೆ ಅಟ್ಟಿದಳು. ಒಳಕೋಣೆಯಲ್ಲಿ ನಾನು ಅಸಲು ಟೇಪನ್ನು ಮೇಷ್ಟ್ರ ಮಷಿನ್ನಿಗೆ ಏರಿಸಿದೆ. ಇಬ್ಬರೂ ಮಂಚದ ಮೇಲೆ ಪಕ್ಕಪಕ್ಕದಲ್ಲಿ ಕೂತರು. ಇಡೀ ಕೃತಿ ಕೇಳಿದರು. ಕೊಪ್ಪರಿಗೆಯ ಜಾಗ ಬಂದಾಗ ಇಂಜಿನಿಯರರು, "ಅದನ್ನ ಎತ್ತೋವಾಗ ನಿನ್ ಸೊಂಟ ಇಡ್ಕೊಂಡಿತ್ತು" ಎಂದರು. ಮೇಷ್ಟ್ರು, "ನೀನೆಲ್ಲಿ ಎತ್ತಿದ್ದೆ, ಕೈ ಕಟ್ಕೊಂಡು ನಿಂತಿದ್ದೆ" ಎಂದರು.

ಜಾಗಟೆ ನಿಂತಿತು. ಕೊಪ್ಪರಿಗೆಯೂ ನಿಂತಿತು. ಇಬ್ಬರೂ ನನ್ನ ಕಡೆ ತಿರುಗಿದರು.

"ಬಂತು" ಎಂದೆ.

ಸಿಳ್ಳೆ ಉಬ್ಬಿದಾಗಲೆಲ್ಲ ನಾನು ಬೆರಳೆತ್ತಿ ತೋರಿಸಿದೆ. ಬೆರಳು ಎದ್ದಲ್ಲಿಗೇ ತಮಟೆಯ ಪೆಟ್ಟು ಬಂದು ಬೀಳುತ್ತಿತ್ತು. ಒಂದು, ಇನ್ನೊಂದು, ಮತ್ತೊಂದು. ಇಂಜಿನಿಯರರು ನನ್ನ ಬೆರಳನ್ನೇ ನೋಡುತ್ತಿದ್ದರು. ಈ ಹತ್ತು ವರ್ಷ ಅವರ ಕಿವಿಗೆ ಗೊತ್ತುಗುರಿಯಿಲ್ಲದೆ ಬಿದ್ದ ಪೆಟ್ಟುಗಳು ಅವು. "ಸರಿಯಾಗೇ ಬಾರ್ಸಿದ್ದೀಯಲ್ಲೊ" ಎಂದರು. "ಇದನ್ನೇ ಹಾಕ್ಸಮ್ಮ. ಇದೇ."

ಮೇಷ್ಟ್ರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ತಮಟೆಯ ಕಡೆಯ ಪೆಟ್ಟು ಬಿತ್ತು. ಇನ್ನು ಉಳಿದದ್ದು ಸಿಳ್ಳೆ ಒಂದೇ. ಆ ಕೋಣೆಯಲ್ಲಿ ಅದನ್ನು ಕೇಳುತ್ತಿದ್ದವಳು ನಾನೊಬ್ಬಳೇ. ಅದನ್ನು ಹುಟ್ಟಿಸಿದವರಿಗೂ ಅದಕ್ಕೆ ಬಾರಿಸಿದವರಿಗೂ ಕೇಳದ ನಾದ, ಅವರಿಬ್ಬರೂ ಒಂದು ಮಂಚದ ಮೇಲೆ, ನಾನು ನೆಲದ ಮೇಲೆ. ಅಷ್ಟು ಒಂಟಿ ನನಗೆ ಆ ರೂಮಿನಲ್ಲಿಯೂ ಅನಿಸಿರಲಿಲ್ಲ. ನನ್ನ ಕಿವಿಯೂ ಹೋದಮೇಲೆ ಇದನ್ನು ಯಾರು ಕೇಳುತ್ತಾರೆ, ನನಗೆ ಯಾರು ಬೆರಳೆತ್ತಿ ತೋರಿಸುತ್ತಾರೆ ಅನಿಸಿತು.

ಸಿಳ್ಳೆ ಸಣ್ಣಗಾಗುತ್ತ ಹೋಗಿ ನಿಂತಿತು. ಬರಿಯ ಟೇಪು ಸುಯ್ಯೆಂದು ಓಡುತ್ತಿತ್ತು. ಇಬ್ಬರೂ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ಮೇಷ್ಟ್ರ ಕೈ ಇಂಜಿನಿಯರರ ರಟ್ಟೆಯ ಮೇಲೇ ಇತ್ತು.

"ಇನ್ನೂ ಅದಾ?" ಎಂದರು ಇಂಜಿನಿಯರರು.

"ಇದೆ" ಎಂದೆ.